ಎದೆಯೊಳಗಿನ ಕುರು



ಹೋದ ಸಂಚಿಕೆಯಲ್ಲಿ ಅರಳು ಸಂಡಿಗೆ ಬರೆದು, ಈ ಸಲ ಮಾವಿನಮಿಡಿ ಉಪ್ಪಿನಕಾಯಿ ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಮಿಡಿ ಸ್ವಲ್ಪ ಕಾಯಲಿ. ಹೊಸದುರ್ಗದ ಕಡೆಯ ಓದುಗರೊಬ್ಬರ ಕಾಗದ ಹದಿನೈದು ದಿನದಿಂದ ನನ್ನ ಸಾಂಬಾರ ಡಬ್ಬಿಯ ಕೆಳಗೇ ಇದೆ. ಅದರಲ್ಲಿರೋದು ಎರಡೇ ಸಾಲು: "ನನ್ನ ಮಗಳಿಗೆ ಆಗಾಗ ಮೂರ್ಛೆ ಬರುತ್ತದೆ. ಆಗ ಬಾಯಿಗೆ ನೀರು ಬಿಟ್ಟರೆ ಬೇಗ ಎಚ್ಚರವಾಗುತ್ತದೆ ಎನ್ನುತ್ತಾರೆ, ನಿಜವೆ?"

ಇಲ್ಲ ತಾಯಿ, ಬಿಡಬೇಡಿ. ಒಂದು ಹನಿಯನ್ನೂ ಬಿಡಬೇಡಿ. ಉತ್ತರ ಇಷ್ಟೇ. ಆದರೆ ಯಾಕೆ ಬಿಡಬಾರದು ಅನ್ನೋದನ್ನು ನಾನು ಪುಸ್ತಕ ಓದಿ ಕಲಿತವಳಲ್ಲ, ಬಿಟ್ಟು ಕಲಿತವಳು. ಆ ಕಥೆಯನ್ನು ಈ ಪುಟದಲ್ಲಿ ಬರೆಯೋದೋ ಬೇಡವೋ ಎಂದು ಬಹಳ ದಿನ ಅನುಮಾನಿಸಿದೆ. ನನ್ನ ವಾರಗಿತ್ತಿಯನ್ನೇ ಕೇಳಿದೆ. "ಬರಿಯಕ್ಕಾ, ನನ್ನ ಹೆಸರೊಂದು ಹಾಕಬೇಡ" ಅಂದಳು.

2023ರ ನವೆಂಬರ್ 12, ನರಕ ಚತುರ್ದಶಿಯ ಬೆಳಗು. ನಮ್ಮ ರಾಮಗಿರಿಯಲ್ಲಿ ಆಗ ಅಡಿಕೆ ಸುಗ್ಗಿ. ಅಂಗಳದ ತುಂಬ ಬೇಯಿಸಿದ ಅಡಿಕೆ, ಒಳಗೆ ಹಬ್ಬದ ಕೆಲಸ. ಹಿಂದಿನ ಸಂಜೆಯೇ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಹಾಗಲ ಬಳ್ಳಿ ಸುತ್ತಿ ನೀರು ತುಂಬಿದ್ದೆವು. ನಸುಕಿಗೇ ಒಲೆ ಉರಿ ಹಾಕಿದ್ದರಿಂದ ನೀರು ಕುದಿಯೋ ಹಾಗಿತ್ತು. ಎಲ್ಲರದೂ ಎಣ್ಣೆ ಸ್ನಾನ ಆಯಿತು. ಕೊನೆಗೆ ಅವಳು ಹೋದಳು. ಬೆನ್ನು ಉಜ್ಜಲು ನಾನು ಹೋಗಿದ್ದೆ. ತಲೆಗೆ ನಾಲ್ಕು ಚೊಂಬು ಬಿಸಿನೀರು ಬಿದ್ದಿದ್ದೇ ತಡ, ಅವಳ ಮಾತು ತೊದಲಿತು, ಕಣ್ಣು ಮೇಲಾಯಿತು, ಕೈಕಾಲು ಸೆಟೆದು ಬಚ್ಚಲಲ್ಲೇ ಬಿದ್ದಳು.

ಅವಳಿಗೆ ಮದುವೆಗೆ ಮುಂಚಿನಿಂದಲೂ ಮೂರ್ಛೆ ಇತ್ತು. ಮಾತ್ರೆ ನುಂಗುತ್ತಿದ್ದಳು. ಎರಡು ವರ್ಷ ಏನೂ ಬಂದಿರಲಿಲ್ಲವಾಗಿ ತಾನೇ ಮಾತ್ರೆ ನಿಲ್ಲಿಸಿದ್ದಳು. ನಮಗೆ ಹೇಳಿರಲಿಲ್ಲ. ಅವಳನ್ನು ಬೈಯಲಾರೆ. ದಿನಾ ಮಾತ್ರೆ ನುಂಗುವ ಸೊಸೆಯನ್ನು ನೋಡೋ ನೋಟ ನಮ್ಮ ಮನೆಗಳಲ್ಲಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು.

ನಾನು ಅವಳ ತಲೆಯನ್ನು ತೊಡೆ ಮೇಲೆ ಅಂಗಾತ ಹಾಕಿಕೊಂಡೆ. ಅತ್ತೆಯವರು ಬೀಗದ ಕೈ ತಂದು ಮುಷ್ಟಿಯಲ್ಲಿ ಇಟ್ಟರು. ಯಾರೋ "ನೀರು ಬಿಡು, ನೀರು ಬಿಡು" ಅಂದರು. ಸೌಟಿನ ಹಿಡಿಯಿಂದ ಹಲ್ಲು ಬಿಡಿಸಿ ಅರ್ಧ ಲೋಟದಷ್ಟು ನೀರು ಬಿಟ್ಟೆ. ಗಂಟಲಲ್ಲಿ ಗೊರಗೊರ ಸದ್ದಾಯಿತು. ಅದನ್ನೇ ನಾನು ನೀರು ಇಳೀತು ಅಂದುಕೊಂಡೆ. ಇಳಿದದ್ದು ಹೌದು, ಇಳಿಯಬಾರದ ಕಡೆಗೆ.

ಅರ್ಧ ಗಂಟೆಗೆ ಎದ್ದು ಕೂತಳು. ಮಧ್ಯಾಹ್ನ ಹೋಳಿಗೆ ಊಟವನ್ನೂ ಮಾಡಿದಳು. ಬೆಟ್ಟದ ಕರಿಸಿದ್ಧೇಶ್ವರ ಸ್ವಾಮಿಗೆ ಹಣ್ಣುಕಾಯಿ ಹರಕೆ ಹೊತ್ತು ನಾವೆಲ್ಲ ಮರೆತೆವು.

ಐದಾರು ದಿನಕ್ಕೆ ಸಣ್ಣ ಜ್ವರ, ಒಣಕೆಮ್ಮು. ಹವಾ ಬದಲಾಗಿದೆ ಅಂದುಕೊಂಡೆವು. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ ಕೆಂಪು ಸಿರಪ್ಪು, ನಾಲ್ಕು ದಿನದ ಮಾತ್ರೆ ಕೊಟ್ಟರು. ಜ್ವರ ಇಳೀತು, ಮತ್ತೆ ಏರಿತು, ಮತ್ತೆ ನಾಲ್ಕು ದಿನದ ಮಾತ್ರೆ. ರಾತ್ರಿ ಮೈಯೆಲ್ಲ ಬೆವರುತ್ತಿತ್ತು. ಬಲಗಡೆ ಬೆನ್ನು ಹಿಡಿದುಕೊಂಡು ಕೂರುತ್ತಿದ್ದಳು. ಹದಿನೈದನೇ ದಿನವೋ ಹದಿನಾರನೇ ದಿನವೋ ಇರಬೇಕು, ಬೆಳಗಿನ ಜಾವ ಕೆಮ್ಮು ಒತ್ತರಿಸಿ ಬಂತು. ಒಂದೇ ಸಲಕ್ಕೆ ಕಾಫಿ ಲೋಟದಷ್ಟು ಕಫ ಬಿತ್ತು. ಹಸಿರು ಮಿಶ್ರ ಕಂದು ಬಣ್ಣ, ನಡುವೆ ರಕ್ತದ ಗೆರೆ. ಅದರ ವಾಸನೆ ಮಾತ್ರ ಹೇಗೆ ಹೇಳಲಿ? ಇಲಿ ಸತ್ತ ಅಟ್ಟದ ವಾಸನೆ ಎಂದರೆ ಅಡಿಗೆ ಪತ್ರಿಕೆಯಲ್ಲಿ ಹೀಗೆ ಬರೆದಳಲ್ಲ ಎಂದು ಬೇಸರಿಸಬೇಡಿ. ಆ ವಾಸನೆಯೇ ಕಾಯಿಲೆಯ ಗುರುತು ಎಂದು ಆಮೇಲೆ ಡಾಕ್ಟರು ಹೇಳಿದರು. ಅದಕ್ಕೇ ಬರೆದೆ.

ಅತ್ತೆಯವರ ಬಾಯಲ್ಲಿ ಒಂದೇ ಮಾತು ಬಂತು: "ಕ್ಷಯ." ಆವತ್ತಿನಿಂದ ಅವಳ ತಟ್ಟೆ ಬೇರೆ, ಲೋಟ ಬೇರೆ, ಮಲಗೋದು ಹಿತ್ತಿಲ ಕೋಣೆಯಲ್ಲಿ. ಮೈದುನ ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದ. "ಅಕ್ಕಾ, ನನ್ನ ಉಸಿರು ನನಗೇ ಹೇಸಿಗೆ ಆಗ್ತದೆ. ಅವರನ್ನೇನು ಅನ್ಲಿ" ಅಂತ ಅವಳು ಅತ್ತದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅವಳನ್ನು ಕರೆದುಕೊಂಡು ಹೊಳಲ್ಕೆರೆಗೆ ಹೋದೆ. ಎದೆಯ ಎಕ್ಸರೇ ತೆಗೆದರು, ಕಫ ಪರೀಕ್ಷೆಗೆ ಕಳಿಸಿದರು. ಕ್ಷಯ ಇಲ್ಲ ಎಂದು ಬಂತು. ಎಕ್ಸರೇ ನೋಡಿ ದುರ್ಗಕ್ಕೆ ಹೋಗಿ ಅಂದರು. ಅಲ್ಲಿ ಸೇರಿಸಿಕೊಂಡ ಎದೆರೋಗದ ಡಾಕ್ಟರಮ್ಮ ನನ್ನಷ್ಟೇ ವಯಸ್ಸಿನವರು, ಸಮಾಧಾನದವರು. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಬಿಡಿಸಿ ಹೇಳಿದರೆ ತಿಳಿಯುತ್ತದೆ ಅಂದೆ. ದಿನಕ್ಕೊಂದಿಷ್ಟು ಹೇಳಿದರು. ಹಾಲಿನ ಲೆಕ್ಕದ ಪುಸ್ತಕದ ಹಿಂದುಗಡೆ ಬರೆದುಕೊಂಡೆ. ಈಗ ನಿಮಗೆ ಹೇಳುತ್ತಿರುವುದು ಅದೇ.

ಕಾಯಿಲೆಯ ಹೆಸರು ಲಂಗ್ ಆಬ್ಸೆಸ್. ನಮ್ಮ ಮಾತಲ್ಲಿ ಶ್ವಾಸಕೋಶದ ಕುರು. ಮೈ ಮೇಲೆ ಕುರು ಏಳುತ್ತದಲ್ಲ, ಕೆಂಪಾಗಿ, ಬಾತು, ಒಳಗೆ ಕೀವು ತುಂಬಿ ಒಡೆಯುತ್ತದಲ್ಲ, ಅದೇ ಕೆಲಸ ಎದೆಯೊಳಗೆ ನಡೆಯುತ್ತದೆ. ವ್ಯತ್ಯಾಸ ಏನೆಂದರೆ ಮೈ ಮೇಲಿನ ಕುರು ಕಣ್ಣಿಗೆ ಕಾಣುತ್ತದೆ, ಇದು ಒಡೆದು ಬಾಯಿಗೆ ಬರೋವರೆಗೆ ಗೊತ್ತಾಗೋದಿಲ್ಲ.

ಎಕ್ಸರೇಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಬಲಗಡೆ ಒಂದು ಗುಂಡನೆಯ ಗೂಡು. ಸುತ್ತ ದಪ್ಪ ಗೋಡೆ. ಗೂಡಿನ ಕೆಳಭಾಗ ಬೆಳ್ಳಗೆ, ಮೇಲುಭಾಗ ಕಪ್ಪಗೆ, ನಡುವೆ ಹಲಗೆ ಇಟ್ಟ ಹಾಗೆ ನೆಟ್ಟಗೆ ಅಡ್ಡಗೆರೆ. "ಕೆಳಗಿರೋದು ಕೀವು, ಮೇಲಿರೋದು ಗಾಳಿ" ಅಂದರು. ನನಗೆ ತಟ್ಟನೆ ಕೆಟ್ಟ ತೆಂಗಿನಕಾಯಿ ನೆನಪಾಯಿತು. ಅಲ್ಲಾಡಿಸಿದರೆ ಗುಳುಗುಳು ಅನ್ನುತ್ತದಲ್ಲ, ಅರ್ಧ ನೀರು ಅರ್ಧ ಗಾಳಿ, ಸುತ್ತ ಗಟ್ಟಿ ಚಿಪ್ಪು. ಹೇಳಿದೆ. ಡಾಕ್ಟರಮ್ಮ ನಕ್ಕು, "ಇನ್ನು ಮೇಲೆ ನಾನೂ ಹಾಗೇ ಹೇಳ್ತೀನಿ" ಅಂದರು.

ಅದು ಹೇಗೆ ಆಗುತ್ತದೆ ಕೇಳಿ. ನಮ್ಮ ಬಾಯಲ್ಲಿ, ಅದರಲ್ಲೂ ವಸಡು ಹಲ್ಲು ಕೂಡುವ ಸಂದಿಯಲ್ಲಿ, ಲೆಕ್ಕವಿಲ್ಲದಷ್ಟು ಕ್ರಿಮಿಗಳಿರುತ್ತವೆ. ಹಲ್ಲು ಹುಳುಕಾಗಿದ್ದರೆ, ವಸಡಿನಲ್ಲಿ ಕೀವಿದ್ದರೆ ಇನ್ನೂ ಹೆಚ್ಚು. ಇವುಗಳಲ್ಲಿ ಬಹಳಷ್ಟಕ್ಕೆ ಗಾಳಿಯೇ ಬೇಡ. ಗಾಳಿ ಸೋಕಿದರೆ ಸಾಯುವ ಜಾತಿ. ಬಾಯಲ್ಲಿ ಇರೋವರೆಗೆ ದೊಡ್ಡ ತೊಂದರೆ ಇಲ್ಲ. ನಿದ್ದೆಯಲ್ಲಿ ಎಂಜಲು ಸ್ವಲ್ಪ ಸ್ವಲ್ಪ ಶ್ವಾಸನಾಳಕ್ಕೆ ಜಾರೋದು ಆರೋಗ್ಯವಂತರಲ್ಲೂ ಉಂಟಂತೆ. ಆದರೆ ಕೆಮ್ಮು ಎಂಬ ಕಾವಲುಗಾರ ಇದ್ದಾನೆ. ಜೊತೆಗೆ ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿದ್ದು ಪೊರಕೆಯಂತೆ ಮೇಲಕ್ಕೆ ಗುಡಿಸುತ್ತಲೇ ಇರುತ್ತವೆ.

ಪ್ರಜ್ಞೆ ತಪ್ಪಿದಾಗ ಈ ಕಾವಲುಗಾರ ಮಲಗುತ್ತಾನೆ. ಮೂರ್ಛೆ ಬಂದಾಗ, ಕಂಠಪೂರ್ತಿ ಕುಡಿದು ಬಿದ್ದಾಗ, ಲಕ್ವ ಹೊಡೆದು ನುಂಗಲು ಆಗದಿದ್ದಾಗ, ನಿದ್ದೆ ಮಾತ್ರೆ ಹೆಚ್ಚಾದಾಗ. ಆಗ ಎಂಜಲೋ ವಾಂತಿಯೋ ಒಂದೇ ಸಲ ಬಹಳಷ್ಟು ಒಳಗೆ ಹೋಗುತ್ತದೆ. ಗಂಟಲಿಂದ ಇಳಿಯುವ ಶ್ವಾಸನಾಳ ಎದೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಬಲಗವಲು ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ. ಎಡಗವಲು ಓರೆ. ತೋಟದ ಕಾಲುವೆಯಲ್ಲಿ ನೀರು ಬಿಟ್ಟರೆ ನೆಟ್ಟಗಿರುವ ಕವಲಿಗೇ ಮೊದಲು ನುಗ್ಗುತ್ತದಲ್ಲ, ಹಾಗೇ ಒಳಗೆ ಹೋದದ್ದು ಹೆಚ್ಚಾಗಿ ಬಲಗಡೆಗೇ ಸೇರುತ್ತದೆ. ಅದರಲ್ಲೂ ಮನುಷ್ಯ ಅಂಗಾತ ಮಲಗಿದ್ದರೆ ಬೆನ್ನ ಕಡೆಯ ಭಾಗವೇ ತಗ್ಗು. ಮೇಲಿನ ಪಾಲಿನ ಹಿಂಭಾಗಕ್ಕೂ ಕೆಳಗಿನ ಪಾಲಿನ ತುದಿಗೂ ಹೋಗಿ ನಿಲ್ಲುತ್ತದೆ. ಲಂಡನ್ನಿನ ರಸೆಲ್ ಬ್ರಾಕ್ ಎಂಬ ಶಸ್ತ್ರವೈದ್ಯರು 1940ರ ದಶಕದಲ್ಲಿ, ಮಲಗಿದ ಭಂಗಿ ಹೇಗೋ ಕುರುವಿನ ಜಾಗ ಹಾಗೆ ಎಂದು ವಿವರವಾಗಿ ತೋರಿಸಿದ್ದರಂತೆ. ನನ್ನ ವಾರಗಿತ್ತಿಯ ಕುರು ಇದ್ದದ್ದು ಬಲಗಡೆ, ಕೆಳಗಿನ ಪಾಲಿನ ತುದಿಯಲ್ಲಿ, ಬೆನ್ನಿಗೆ ಹತ್ತಿರ. ಅವಳು ಕೈಯಿಟ್ಟು ತೋರಿಸುತ್ತಿದ್ದ ಜಾಗವೇ. ನಾನು ಅವಳನ್ನು ತೊಡೆ ಮೇಲೆ ಹಾಕಿಕೊಂಡದ್ದು ಅಂಗಾತವೇ.

ಒಂದು ಅನುಮಾನ ನನಗೆ ಬಂತು. ಶ್ವಾಸಕೋಶ ಅಂದರೆ ಗಾಳಿಯ ಮನೆ. ಗಾಳಿ ಬೇಡದ ಕ್ರಿಮಿ ಅಲ್ಲಿ ಹೇಗೆ ಬದುಕೀತು? ಡಾಕ್ಟರಮ್ಮ "ಒಳ್ಳೆ ಪ್ರಶ್ನೆ" ಅಂದರು (ಹೈಸ್ಕೂಲು ಬಿಟ್ಟ ಮೇಲೆ ಈ ಮಾತು ನನಗೆ ಯಾರೂ ಹೇಳಿರಲಿಲ್ಲ!). ಒಳಗೆ ಹೋದ ಕೊಳೆ ಸಣ್ಣ ಕೊಳವೆಯನ್ನು ಮುಚ್ಚುತ್ತದೆ. ಅದರಿಂದಾಚೆಗೆ ಗಾಳಿ ಓಡಾಡುವುದಿಲ್ಲ. ಜೊತೆಯಲ್ಲಿ ಬಂದ, ಗಾಳಿ ಬೇಕಾದ ಕ್ರಿಮಿಗಳು ಉಳಿದ ಪ್ರಾಣವಾಯುವನ್ನು ತಿಂದು ಮುಗಿಸುತ್ತವೆ. ಆಮೇಲೆ ಈ ಜಾತಿಗೆ ಸುಗ್ಗಿ. ಮೊದಲ ಕೆಲವು ದಿನ ಅದು ನ್ಯುಮೋನಿಯಾದ ಹಾಗೇ ಇರುತ್ತದೆ. ರಕ್ತದ ಬಿಳಿಕಣಗಳು ಕಾದಾಡಲು ಬಂದು ಗುಂಪುಗೂಡುತ್ತವೆ. ಆ ಜಾಗದ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ರಕ್ತ ಸಿಗದ ಮಾಂಸ ಸಾಯುತ್ತದೆ. ಸತ್ತದ್ದು ಕರಗಿ ಕೀವಾಗುತ್ತದೆ. ಇದಕ್ಕೆ ಒಂದರಿಂದ ಎರಡು ವಾರ ಬೇಕು. ಕೀವು ದಾರಿ ಹುಡುಕಿ ಪಕ್ಕದ ಶ್ವಾಸನಾಳಕ್ಕೆ ತೂತು ಮಾಡಿಕೊಂಡ ದಿನ ಬಾಯಿ ತುಂಬ ಕಫ ಬರುತ್ತದೆ, ಖಾಲಿಯಾದ ಜಾಗಕ್ಕೆ ಗಾಳಿ ತುಂಬುತ್ತದೆ. ತೆಂಗಿನಕಾಯಿಯ ಗುಳುಗುಳು ಅಲ್ಲಿಂದ ಶುರು. ದೇಹ ತನ್ನ ಪಾಡಿಗೆ ತಾನು ಸುತ್ತ ನಾರಿನ ಗೋಡೆ ಕಟ್ಟಿ ಕೊಳೆಯನ್ನು ಒಳಗೇ ಕೂಡಿಹಾಕಲು ನೋಡುತ್ತದೆ. ತಿಂಗಳು ಮೀರಿದರೆ ಈ ಗೋಡೆ ದಪ್ಪವಾಗಿ ಔಷಧಿ ಒಳಗೆ ಹೋಗುವುದೇ ಕಷ್ಟ. ನಾನು ಬೆರಳಲ್ಲಿ ದಿನ ಎಣಿಸಿದೆ. ದೀಪಾವಳಿಯಿಂದ ಕಫ ಬಿದ್ದ ದಿನದವರೆಗೆ ಸರಿಯಾಗಿ ಎರಡು ವಾರ ಚಿಲ್ಲರೆ.

ಆ ಕಫವನ್ನು ಗಾಜಿನ ಬಾಟಲಿಯಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೆ ಪದರ ಪದರವಾಗಿ ನಿಲ್ಲುತ್ತದೆ. ಮೇಲೆ ನೊರೆ, ನಡುವೆ ತಿಳಿ, ಅಡಿಯಲ್ಲಿ ಗಸಿ. ವಾರ್ಡಿನ ನರ್ಸಮ್ಮ ತೋರಿಸಿದರು. ಬೆರಳ ತುದಿಗಳೂ ಗುಂಡಗೆ ಊದಿ ಉಗುರು ಗಿಣಿಮೂಗಿನ ಹಾಗೆ ಬಾಗುವುದುಂಟಂತೆ. ಅವಳಿಗೆ ಅಷ್ಟು ಆಗಿರಲಿಲ್ಲ.

ಇನ್ನು ನನ್ನ ಮನಸ್ಸಲ್ಲಿದ್ದ ಪ್ರಶ್ನೆ. ನಾಲ್ಕನೇ ದಿನ ಧೈರ್ಯ ಮಾಡಿ ಕೇಳಿದೆ. "ಅಮ್ಮಾ, ನಾನು ನೀರು ಬಿಟ್ಟೆ. ಅದರಿಂದಲೇ ಆಯಿತಾ?"

ಅವರು ಸುಳ್ಳು ಸಮಾಧಾನ ಹೇಳಲಿಲ್ಲ. "ಬರೀ ನೀರಿಂದ ಕುರು ಆಗಲ್ಲ. ಬಾಯಲ್ಲಿದ್ದ ಕೊಳೆಯನ್ನ ನೀರು ತೊಳಕೊಂಡು ಒಳಗೆ ಹೋಗಿರಬಹುದು. ನೀವು ನೀರು ಬಿಡದಿದ್ದರೂ ಎಂಜಲಿಂದಲೇ ಆಗಿದ್ದರೂ ಆಗಿರಬಹುದು. ಯಾವುದು ಅಂತ ಈಗ ಯಾರೂ ಹೇಳೋಕಾಗಲ್ಲ" ಅಂದರು. ಆಮೇಲೆ ಅವಳ ಬಾಯಿ ತೆರೆಸಿ ಟಾರ್ಚು ಬಿಟ್ಟು ನನ್ನನ್ನು ಕರೆದು ತೋರಿಸಿದರು. ಕೆಳಗಿನ ಎರಡು ದವಡೆ ಹಲ್ಲು ಹುಳುಕು ತಿಂದು ಬೇರಷ್ಟೇ ಉಳಿದಿತ್ತು. ವಸಡು ಊದಿ ಹಲ್ಲಿನ ಅರ್ಧಕ್ಕೆ ಬಂದಿತ್ತು. ಫೆನಿಟಾಯಿನ್ ಎಂಬ ಮೂರ್ಛೆ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡರೆ ಕೆಲವರಿಗೆ ವಸಡು ಹೀಗೆ ಬೆಳೆಯುತ್ತದೆ, ಬಾಯಿ ಶುಚಿಯಾಗಿ ಇಟ್ಟುಕೊಳ್ಳದಿದ್ದರೆ ಇನ್ನೂ ಹೆಚ್ಚು. ಹಾಗಂತ ಮಾತ್ರೆ ಬಿಡಬಾರದು, ಡಾಕ್ಟರಿಗೆ ತೋರಿಸಿದರೆ ಬೇರೆ ಮಾತ್ರೆ ಇವೆ. ಒಂದೇ ಒಲೆಯ ಮುಂದೆ ಎಂಟು ವರ್ಷ ಅವಳ ಪಕ್ಕ ಕೂತಿದ್ದೇನೆ. ಅವಳ ಬಾಯೊಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಹಲ್ಲು ನೋವೆಂದರೆ ಒಂದು ಲವಂಗ ಕೊಟ್ಟು ಕೆಲಸ ಮುಂದುವರಿಸಿದ್ದೆ. "ಮೂರ್ಛೆ ಇರೋರು ಹಲ್ಲು ಕೀಳಿಸಬಾರದು, ಮೆದುಳಿಗೆ ಏರ್ತದೆ" ಅಂತ ಯಾರೋ ಹೆದರಿಸಿದ್ದರಂತೆ. ಅದು ಸುಳ್ಳು.

ಹಲ್ಲಿಗೂ ಎದೆ ಕುರುವಿಗೂ ಇರುವ ನಂಟು ಎಷ್ಟು ಗಟ್ಟಿ ಎಂದರೆ, ಬೊಚ್ಚುಬಾಯಿ ಅಜ್ಜ ಅಜ್ಜಿಯರಲ್ಲಿ ಈ ಕಾಯಿಲೆ ಅಪರೂಪ. ಹಲ್ಲೇ ಇಲ್ಲದವರಿಗೆ ಕುರು ಕಂಡರೆ, ಒಳಗೆ ಗಡ್ಡೆ ಏನಾದರೂ ಶ್ವಾಸನಾಳವನ್ನು ಅಡ್ಡಗಟ್ಟಿದೆಯೋ, ಕ್ಯಾನ್ಸರ್ ಇದೆಯೋ ಎಂದು ಡಾಕ್ಟರು ಮೊದಲು ಹುಡುಕುತ್ತಾರಂತೆ. ಇದನ್ನು ಕಂಡುಹಿಡಿದದ್ದೂ ಹಳೆಯ ಕಥೆ. ಅಮೆರಿಕದ ಡೇವಿಡ್ ಸ್ಮಿತ್ ಎಂಬ ವೈದ್ಯರು 1920ರ ದಶಕದಲ್ಲಿ, ಈ ಕಾಯಿಲೆಯಿಂದ ಸತ್ತವರ ಶ್ವಾಸಕೋಶದ ಕುರುವಿನ ಗೋಡೆಯಲ್ಲಿ ಕಂಡ ಕ್ರಿಮಿಗಳು ವಸಡಿನ ಸಂದಿಯ ಕ್ರಿಮಿಗಳನ್ನೇ ಹೋಲುವುದನ್ನು ಗಮನಿಸಿದರು. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಹಲವು ಜಾತಿ ಕ್ರಿಮಿಗಳು ಕೂಡಿದಾಗ ಇಂಥ ಕುರು ಏಳುತ್ತದೆ ಎಂದು ತೋರಿಸಿದರು. ಆ ಕಾಲದಲ್ಲಿ ಟಾನ್ಸಿಲ್ ಆಪರೇಷನ್ ಆದ ಮಕ್ಕಳಿಗೂ ಎದೆ ಕುರು ಆಗುತ್ತಿತ್ತು. ಮತ್ತು ಬರಿಸಿ ಕೂರಿಸಿ ಗಂಟಲು ಕೊಯ್ದಾಗ ರಕ್ತ, ಕೊಳೆ ಒಳಗೆ ಹೋಗುತ್ತಿತ್ತು. ಪೆನಿಸಿಲಿನ್ ಬರುವ ಮುಂಚೆ ಈ ಕಾಯಿಲೆಯ ಮೂವರಲ್ಲಿ ಸುಮಾರು ಒಬ್ಬರು ಸಾಯುತ್ತಿದ್ದರು, ಇನ್ನೊಬ್ಬರು ವರ್ಷಗಟ್ಟಲೆ ನರಳುತ್ತಿದ್ದರು. ಈಗ ಸರಿಯಾಗಿ ಔಷಧಿ ತಗೊಂಡವರಲ್ಲಿ ಹೆಚ್ಚಿನವರು ಕೊಯ್ಯದೆಯೇ ಗುಣವಾಗುತ್ತಾರೆ.

ಬಾಯಿಂದಲ್ಲದೆ ಬೇರೆ ದಾರಿಗಳೂ ಇವೆ. ಕೆಟ್ಟ ನ್ಯುಮೋನಿಯಾ ಆದಮೇಲೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ಬೇರೆಲ್ಲೋ ಆದ ಕೀವು ರಕ್ತದ ಮೂಲಕ ಬಂದು ಸೇರಿ. ಆಮಶಂಕೆಯ ಅಮೀಬಾ ಯಕೃತ್ತಿನಲ್ಲಿ ಕುರು ಮಾಡಿ, ಅದು ಮೇಲಕ್ಕೆ ವಪೆಯನ್ನು ತೂತು ಮಾಡಿಕೊಂಡು ಬಲ ಶ್ವಾಸಕೋಶಕ್ಕೆ ಒಡೆಯುವುದೂ ನಮ್ಮ ದೇಶದಲ್ಲಿ ಉಂಟು. ಕುಡಿಯುವವರಲ್ಲಿ ಹೆಚ್ಚು. ತಾಯಂದಿರು ಗಮನಿಸಬೇಕಾದದ್ದು ಇನ್ನೊಂದು. ನಮ್ಮ ಜಿಲ್ಲೆ ಶೇಂಗಾದ ಜಿಲ್ಲೆ. ಆಡುತ್ತ ಓಡುತ್ತ ಶೇಂಗಾ ತಿನ್ನುವ ಮಗುವಿನ ಶ್ವಾಸನಾಳಕ್ಕೆ ಅರ್ಧ ಕಾಳು ಜಾರಿದರೆ, ಆಗ ಕೆಮ್ಮಿ ಸುಮ್ಮನಾಗಬಹುದು. ಕಾಳು ಅಲ್ಲೇ ಕೂತು ಅದರ ಹಿಂದೆ ಕೀವು ಕಟ್ಟುತ್ತದೆ. ಹುಣಿಸೆ ಬೀಜವೂ ಅಷ್ಟೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಬೇಡ, ಕುಟ್ಟಿ ಪುಡಿ ಮಾಡಿ ಬೆಲ್ಲ ಬೆರೆಸಿ ಕೊಡಿ. ಉಸಿರುಗಟ್ಟಿ ಕೆಮ್ಮಿದ ಮಗುವಿಗೆ ಆಮೇಲೆ ಜ್ವರ, ಬಿಡದ ಕೆಮ್ಮು ಬಂದರೆ ಕಾಳಿನ ವಿಷಯ ಡಾಕ್ಟರಿಗೆ ಹೇಳಲು ಮರೆಯಬೇಡಿ.

ಆಸ್ಪತ್ರೆಯಲ್ಲಿ ಹನ್ನೆರಡು ದಿನ ರಕ್ತನಾಳಕ್ಕೆ ಸೂಜಿಮದ್ದು. ಎಂಟನೇ ದಿನ ಜ್ವರ ಬಿಟ್ಟಿತು. ಒಂಬತ್ತನೇ ದಿನ ಮೈದುನ "ಗುಣ ಆಯ್ತಲ್ಲ, ಕರಕೊಂಡು ಹೋಗೋಣ, ಅಡಿಕೆ ಕೆಲಸ ನಿಂತಿದೆ" ಅಂದ. ಡಾಕ್ಟರಮ್ಮ ಮತ್ತೆ ಎಕ್ಸರೇ ತೆಗೆಸಿ ತೋರಿಸಿದರು. ಗೂಡು ಹಾಗೇ ಇತ್ತು! ಜ್ವರ ಹೋಗುವುದು ಬೇಗ, ಗೂಡು ಮುಚ್ಚುವುದು ನಿಧಾನ. ಮಧ್ಯದಲ್ಲಿ ಮದ್ದು ಬಿಟ್ಟರೆ ಕುರು ಮತ್ತೆ ತುಂಬುತ್ತದೆ. ಹೊರಕ್ಕೆ ಒಡೆದರೆ ಎದೆಯ ಪೊರೆಯೊಳಗೆ ಕೀವು ತುಂಬಿ ಕೊಳವೆ ಹಾಕಿ ತೆಗೆಯಬೇಕಾಗುತ್ತದೆ, ರಕ್ತ ಕಾರುವುದೂ ಉಂಟು. ಅವನು ಮತ್ತೆ ಮಾತಾಡಲಿಲ್ಲ. ಮನೆಗೆ ಬಂದಮೇಲೂ ಮಾತ್ರೆ ನಡೆಯಿತು. ಒಟ್ಟು ಎಂಟು ವಾರ. ಕೆಲವರಿಗೆ ಕಡಿಮೆ ಸಾಕಾಗಬಹುದು, ಕೆಲವರಿಗೆ ಹೆಚ್ಚು. ಎಕ್ಸರೇ ನೋಡಿ ಅವರು ನಿಲ್ಲಿಸು ಅಂದಾಗಲೇ ನಿಲ್ಲಿಸಬೇಕು. ಎಡಮಗ್ಗುಲಲ್ಲಿ ಬಗ್ಗಿಸಿ ಮಲಗಿಸಿ, ಬೆನ್ನು ತಟ್ಟಿ ಕಫ ಇಳಿಸುವುದನ್ನು ಆಸ್ಪತ್ರೆಯಲ್ಲಿ ಮಾಡಿಸಿದರು. ಇದನ್ನು ನೋಡಿ ಮನೆಯಲ್ಲಿ ನಾವೇ ಮಾಡಲು ಹೋಗಬಾರದು. ಕೀವು ನುಗ್ಗಿ ಇನ್ನೊಂದು ಕಡೆಯ ಶ್ವಾಸಕೋಶಕ್ಕೆ ಹೋದರೆ ಅಪಾಯ.

ತಟ್ಟೆ ಲೋಟದ ವಿಷಯ ಕೇಳಿದೆ. ಈ ಕುರು ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಕ್ಷಯವಾದರೂ ಹರಡುವುದು ಕೆಮ್ಮಿದ ಗಾಳಿಯಿಂದ, ತಟ್ಟೆಯಿಂದ ಅಲ್ಲ. ನಮ್ಮ ಹಿರಿಯರ ಹೆದರಿಕೆಗೂ ಕಾರಣ ಇತ್ತು, ಇಲ್ಲ ಅನ್ನೋದಿಲ್ಲ. ಮೈಸೂರಿನ ಅರಮನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರನ್ನೇ ಕ್ಷಯ ಬಿಡಲಿಲ್ಲ. 1920ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ತೆರೆದ ಕ್ಷಯರೋಗದ ಆಸ್ಪತ್ರೆಗೆ ಅವರ ಹೆಸರೇ ಇಟ್ಟದ್ದು. ಔಷಧಿ ಇಲ್ಲದ ಕಾಲದ ಹೆದರಿಕೆ ಅದು. ಈಗ ಕಫ ಪರೀಕ್ಷೆಯೂ ಔಷಧಿಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿರುವಾಗ, ಪರೀಕ್ಷೆ ಮಾಡಿಸದೆ ಒಬ್ಬಳನ್ನು ಹಿತ್ತಿಲ ಕೋಣೆಗೆ ತಳ್ಳಿದ್ದು ನಮ್ಮ ತಪ್ಪು. ಅತ್ತೆಯವರಿಗೆ ನಾನು ಏನೂ ಹೇಳಲು ಹೋಗಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಅವಳ ಬೇರೆ ತಟ್ಟೆಯಲ್ಲೇ ನಾನು ಊಟಕ್ಕೆ ಕೂತೆ. ನೋಡಿ ಸುಮ್ಮನಿದ್ದರು. ಮಾರನೆಯ ದಿನ ತಟ್ಟೆಗಳೆಲ್ಲ ಒಟ್ಟಿಗೇ ತೊಳೆಯಲು ಬಿದ್ದವು.

ಅವಳು ಏಳು ಕೆಜಿ ಇಳಿದಿದ್ದಳು. ಅಡಿಗೆ ಪುಟ ಬಿಟ್ಟೆ ಎಂದು ಬೇಸರಿಸದಿರಲು, ಅವಳಿಗೆ ದಿನಾ ಕೊಡುತ್ತಿದ್ದದ್ದು ಬರೀತೀನಿ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿಸಿ ನೆರಳಲ್ಲಿ ಒಣಗಿಸಿ ಎರಡು ಸೇರು, ಹೆಸರುಕಾಳು ಅರ್ಧ ಸೇರು, ಹುರಿಗಡಲೆ ಅರ್ಧ ಸೇರು, ಶೇಂಗಾ ಕಾಲು ಸೇರು. ರಾಗಿ, ಹೆಸರು, ಶೇಂಗಾ ಬೇರೆ ಬೇರೆ ಹದವಾಗಿ ಹುರಿದು, ಶೇಂಗಾ ಸಿಪ್ಪೆ ತೆಗೆದು, ಹುರಿಗಡಲೆ ಮತ್ತು ನಾಲ್ಕು ಏಲಕ್ಕಿ ಸೇರಿಸಿ ಬೀಸಿಸಿ. ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಹಾಲಿಗೆ ಹಾಕಿ ಬೆಲ್ಲದೊಂದಿಗೆ ಕಾಯಿಸಿ. ಮಧ್ಯಾಹ್ನ ನುಗ್ಗೆಸೊಪ್ಪಿನ ಬಸ್ಸಾರು, ಮೊಳಕೆ ಹುರುಳಿ. ತಿನ್ನುವವರಿಗೆ ಮೊಟ್ಟೆ. ಫೆಬ್ರವರಿ ಹೊತ್ತಿಗೆ ರವಿಕೆ ಮತ್ತೆ ಮೈಗೆ ಕೂತಿತು.

ಕಾಗದ ಬರೆದ ಸೋದರಿಗೆ ಮತ್ತೆ ಹೇಳುತ್ತೇನೆ. ಮಗಳಿಗೆ ಮೂರ್ಛೆ ಬಂದಾಗ ಮೊದಲು ಪಕ್ಕದಲ್ಲಿರುವ ಒಲೆ, ಕತ್ತಿ, ಕಲ್ಲು ಸರಿಸಿ. ಮಗ್ಗುಲಾಗಿ ಮಲಗಿಸಿ, ಎಂಜಲು ತಾನೇ ಹೊರಗೆ ಹರಿಯಲಿ. ಕತ್ತಿನ ಹತ್ತಿರದ ಬಟ್ಟೆ ಸಡಿಲಿಸಿ. ಬಾಯಿಗೆ ಸೌಟು, ಬಟ್ಟೆ, ಬೆರಳು, ನೀರು, ಮಾತ್ರೆ ಏನೂ ಬೇಡ. ಕೈಕಾಲು ಅದುಮಿ ಹಿಡಿಯಬೇಡಿ. ಬೀಗದ ಕೈ, ಈರುಳ್ಳಿ ಇವುಗಳಿಂದ ಏನೂ ಆಗುವುದಿಲ್ಲ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದರ ಹಿಂದೊಂದು ಬಂದರೆ 108ಕ್ಕೆ ಫೋನ್ ಮಾಡಿ. ಎದ್ದು ಕೂತು, ಹೆಸರು ಕೇಳಿದರೆ ಸರಿಯಾಗಿ ಹೇಳುವವರೆಗೆ ಕುಡಿಯಲು ಏನೂ ಕೊಡಬೇಡಿ. ಆಮೇಲಿನ ಎರಡು ಮೂರು ವಾರದಲ್ಲಿ ಜ್ವರ, ಕೆಮ್ಮು, ವಾಸನೆಯ ಕಫ ಕಂಡರೆ ಅಂಗಡಿ ಸಿರಪ್ಪಿಗೆ ಹೋಗದೆ ಎಕ್ಸರೇ ಮಾಡಿಸಿ, ಮೂರ್ಛೆ ಬಂದಿತ್ತು ಎಂಬುದನ್ನೂ ಹೇಳಿ. ನಾನು ಮೊದಲ ಸಲ ಹೇಳಿರಲಿಲ್ಲ. ಜ್ವರಕ್ಕೂ ಮೂರ್ಛೆಗೂ ಏನು ಸಂಬಂಧ ಅಂದುಕೊಂಡಿದ್ದೆ.

ಇನ್ನೊಂದು ಮಾತು ಸ್ನಾನದ್ದು. ತಲೆಗೆ ಬಿಸಿನೀರು ಬಿದ್ದಾಗ ಬರುವ ಮೂರ್ಛೆ ನಮ್ಮ ಕಡೆಯ ವಿಶೇಷ ಎಂದು ಮಾತ್ರೆ ಬದಲಿಸಿಕೊಟ್ಟ ನರರೋಗದ ಡಾಕ್ಟರು ಹೇಳಿದರು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಜನರ ವಿಷಯ ಪ್ರಕಟಿಸಿದ್ದಾರೆ. ಟರ್ಕಿಯಂಥ ಬೇರೆ ದೇಶಗಳಲ್ಲೂ ಇದು ಕಂಡಿದೆ, ಆದರೆ ಹೆಚ್ಚಾಗಿ ಕಂಡಿರುವುದು ನಮ್ಮ ದಕ್ಷಿಣ ಭಾರತದಲ್ಲಿ. ಕುದಿನೀರನ್ನು ಚೊಂಬುಚೊಂಬಾಗಿ ನೆತ್ತಿಗೆ ಸುರಿದುಕೊಳ್ಳುವ ನಮ್ಮ ಅಭ್ಯಾಸವನ್ನೂ ಕಾರಣವೆನ್ನುತ್ತಾರೆ. ಇಂಥವರಿಗೆ ತಲೆಗೆ ಉಗುರುಬೆಚ್ಚಗಿನ ನೀರು ಸಾಕು. ಬಚ್ಚಲ ಚಿಲಕ ಹಾಕಿಕೊಳ್ಳಬಾರದು.

ಕೊನೆಯ ಎಕ್ಸರೇಯಲ್ಲಿ ಗೂಡಿದ್ದ ಕಡೆ ಎಳೆಯಷ್ಟು ಒಂದು ಬಿಳಿ ಗೆರೆ ಉಳಿದಿತ್ತು. ಗಾಯದ ಕಲೆ, ಇರಲಿ ಬಿಡಿ ಅಂದರು. ಆ ಎರಡು ಹಲ್ಲಿನ ಬೇರುಗಳನ್ನು ಮಾರ್ಚಿನಲ್ಲಿ ತೆಗೆಸಿದೆವು. ಹಲ್ಲಿನ ಡಾಕ್ಟರು ಜೊತೆಗೆ ಬಂದವಳ ಬಾಯಿಯನ್ನೂ ನೋಡುತ್ತೇನೆ ಅಂದರು. ನನ್ನದು ಮೂರು ಹುಳುಕು ಸಿಕ್ಕಿತು. 2024ರ ಏಪ್ರಿಲ್ 9, ಯುಗಾದಿ ಬಂತು. ಮತ್ತೆ ಎಣ್ಣೆ, ಮತ್ತೆ ಹಂಡೆ. ಅವಳು ಬಚ್ಚಲಿಗೆ ಹೋಗುವ ಮುಂಚೆ ಅತ್ತೆಯವರು ತಾವೇ ಹೋಗಿ, ಹಸುಗೂಸಿನ ನೀರು ನೋಡುವ ಹಾಗೆ ಮೊಣಕೈ ಅದ್ದಿ ನೋಡಿ, ಇನ್ನೊಂದು ಕೊಡ ತಣ್ಣೀರು ಬೆರೆಸಿ ಬಂದರು. ನಾನು ಬಾಗಿಲ ಹೊರಗೆ ಮಣೆ ಹಾಕಿಕೊಂಡು ಬೇವಿನ ಹೂ ಬಿಡಿಸುತ್ತ ಕೂತಿದ್ದೆ. ಒಳಗಿಂದ ನೀರಿನ ಸದ್ದು ನಿಂತಾಗಲೆಲ್ಲ "ಏನೇ?" ಅನ್ನುತ್ತಿದ್ದೆ. "ಇದೀನಕ್ಕಾ" ಅನ್ನುತ್ತಿದ್ದಳು.

ಮಾವಿನಮಿಡಿ ಉಪ್ಪಿನಕಾಯಿ ಮುಂದಿನ ಸಂಚಿಕೆಗೆ.